ಕೆರೆ ಏರಿಗೆ ಒಲಿಂಪಸ್ 8×40 ಡಿಪಿಎಸ್ ಐ: ವಲಸೆ ಕಾಲದಲ್ಲಿ ಎಷ್ಟು ದೂರ ಕೈಹಿಡಿಯುತ್ತದೆ?

ಮೈಸೂರು, ಮಂಡ್ಯ ಕಡೆಯ ಕೆರೆಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ವಲಸೆ ಹಕ್ಕಿ ನೋಡಲು ಮೊದಲ ದುರ್ಬೀನು ಯಾವುದಿರಲಿ ಎಂದು ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಕನ್ನಡಕ ಹಾಕದವರಾದರೆ, ಮಳೆಯಲ್ಲಿ ನೆನೆಯದಂತೆ ಜೋಪಾನ ಮಾಡಬಲ್ಲಿರಾದರೆ, ಒಲಿಂಪಸ್ 8×40 ಡಿಪಿಎಸ್ ಐ ಕೊಳ್ಳಿ. ಈ ಎರಡು ಷರತ್ತುಗಳಲ್ಲಿ ಒಂದು ತಪ್ಪಿದರೂ ಬೇರೆಯದು ನೋಡಿ. ಇವು ಸಣ್ಣ ಷರತ್ತುಗಳಲ್ಲ, ಯಾಕೆಂದು ಮುಂದೆ ವಿವರವಾಗಿ ಬರೆದಿದ್ದೇನೆ.

8×40 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್. ಇದು ಹಳೇ ಮಾದರಿಯ ಪೊರೊ ಪ್ರಿಸಂ ದುರ್ಬೀನು. ಮುಂದಿನ ಗಾಜುಗಳು ಕಣ್ಣಿನ ಗಾಜುಗಳಿಗಿಂತ ಅಗಲವಾಗಿ, ಭುಜ ಹೊರಚಾಚಿದ ಹಾಗೆ ಕೂತಿರುತ್ತವೆ. ತೂಕ 710 ಗ್ರಾಂ. ನೋಟದ ಕೋನ 8.2 ಡಿಗ್ರಿ, ಅಂದರೆ ಸಾವಿರ ಮೀಟರ್ ದೂರದಲ್ಲಿ 143 ಮೀಟರ್ ಅಗಲದ ಜಾಗ ಒಟ್ಟಿಗೆ ಕಾಣುತ್ತದೆ. ತೀರ ಹತ್ತಿರದ ಫೋಕಸ್ 4 ಮೀಟರ್. ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರ 12 ಮಿಲಿಮೀಟರ್. ನೀರು ಒಳಗೆ ಹೋಗದಂತೆ ತಡೆಯುವ ವ್ಯವಸ್ಥೆ ಇಲ್ಲ, ಗಾಜಿನ ಒಳಮೈಗೆ ಮಂಜು ಕಟ್ಟದಂತೆ ತುಂಬುವ ನೈಟ್ರೋಜನ್ ಕೂಡ ಇಲ್ಲ. ಬೆಲೆ ಏರಿಳಿಯುತ್ತಲೇ ಇರುತ್ತದೆ. ಆದರೆ ನೈಟ್ರೋಜನ್ ತುಂಬಿದ ಒಳ್ಳೆಯ 8×42 ರೂಫ್ ಪ್ರಿಸಂ (ನೇರ ಕೊಳವೆಯ) ದುರ್ಬೀನಿಗೆ ಕೊಡುವ ಹಣಕ್ಕಿಂತ ಇದಕ್ಕೆ ಸಾಕಷ್ಟು ಕಡಿಮೆ ಸಾಕು.

ಈ ಅಂಕಿಗಳಲ್ಲಿ ನಮ್ಮ ಕಡೆಯ ಕೆರೆಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 8.2 ಡಿಗ್ರಿ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು "ಎಷ್ಟು ದೊಡ್ಡದಾಗಿ ಕಾಣುತ್ತೆ?" ಎಂದು. ಹತ್ತು ಪಟ್ಟಿನದು, ಹನ್ನೆರಡು ಪಟ್ಟಿನದು ಎಂದರೆ ಮನಸ್ಸು ಅತ್ತ ವಾಲುತ್ತದೆ. 6.5 ಡಿಗ್ರಿಯ 10×50 ದುರ್ಬೀನಿನಲ್ಲಿ ನೂರು ಮೀಟರ್ ದೂರದಲ್ಲಿ ಸುಮಾರು 11 ಮೀಟರ್ ಅಗಲ ಕಾಣುತ್ತದೆ, ಇದರಲ್ಲಿ 14 ಮೀಟರ್. ಕಾಗದದ ಮೇಲೆ ಮೂರು ಮೀಟರ್ ವ್ಯತ್ಯಾಸ ಅಷ್ಟೆ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಲಿಂಗಾಂಬುಧಿ ಕೆರೆಯ ನೀರಿನ ಮೇಲೆ ಅಂಬರಗುಬ್ಬಿಗಳು ಅಡ್ಡಾದಿಡ್ಡಿ ಹಾರುವಾಗ, ಅವುಗಳಲ್ಲಿ ಯಾವುದು ಇಲ್ಲೇ ಇರುವ ಕೆಂಪು ಸೊಂಟದ್ದು, ಯಾವುದು ಉತ್ತರದಿಂದ ಬಂದದ್ದು ಎಂದು ಹುಡುಕುವಾಗ ಆ ಮೂರು ಮೀಟರ್ ಸಿಕ್ಕಾಪಟ್ಟೆ ದೊಡ್ಡದು. ಹಕ್ಕಿ ನೋಟದಿಂದ ತಪ್ಪಿಸಿಕೊಂಡರೆ ಮತ್ತೆ ಹಿಡಿಯಲು ಬೇಕಾಗುವ ಸಮಯವೇ ಅಲ್ಲಿ ನಷ್ಟ. ಜೊತೆಗೆ ಹತ್ತು ಪಟ್ಟಿನ ದುರ್ಬೀನಿನಲ್ಲಿ ಕೈಯ ನಡುಕವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ಏರಿಯ ಮೇಲೆ ಗಾಳಿ ಬೀಸುವಾಗ, ಕೈಯಲ್ಲೇ ಹಿಡಿದು ನೋಡುವವರಿಗೆ ಎಂಟೇ ಸರಿ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಬೆಳಕಿನ ಲೆಕ್ಕವೂ ಸುಲಭ. 40ನ್ನು 8ರಿಂದ ಭಾಗಿಸಿದರೆ 5. ಕಣ್ಣಿನ ಕಡೆಯಿಂದ ಹೊರಬರುವ ಬೆಳಕಿನ ಬೊಟ್ಟಿನ ಅಗಲ 5 ಮಿಲಿಮೀಟರ್. ಜೇಬಿಗೆ ಹಿಡಿಸುವ 10×25 ದುರ್ಬೀನಿನಲ್ಲಿ ಅದು ಎರಡೂವರೆ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಕೆರೆಯಂಚಿನ ಆಪು ಹುಲ್ಲಿನ ನೆರಳಿನಲ್ಲಿ ಓಡಾಡುವ ಹಕ್ಕಿಯ ಕಾಲಿನ ಬಣ್ಣ ಹಸಿರೋ ಹಳದಿಯೋ ಎಂದು ಹೇಳಬೇಕಾದರೆ ಆ ವ್ಯತ್ಯಾಸ ಬೇಕೇ ಬೇಕು. ಪೊರೊ ರಚನೆಯ ಇನ್ನೊಂದು ಲಾಭ, ಮುಂದಿನ ಗಾಜುಗಳು ದೂರದೂರ ಇರುವುದರಿಂದ ಆಳ ಚೆನ್ನಾಗಿ ತಿಳಿಯುತ್ತದೆ. ಮರದ ಎಲೆಗಳ ನಡುವೆ ಉಲಿಯಕ್ಕಿ (ವಾರ್ಬ್ಲರ್) ಹುಡುಕುವವರಿಗೆ ಮುಂದಿನ ಕೊಂಬೆ ಬೇರೆ, ಹಿಂದಿನ ಕೊಂಬೆ ಬೇರೆ ಎಂದು ಬಿಡಿಸಿ ಕಾಣುತ್ತದೆ.

ಇನ್ನು ಕೆರೆಗೆ ಹೋಗೋಣ. ಕರಾವಳಿಯ ಅಳಿವೆಯಲ್ಲಿ ಹಕ್ಕಿ ನೋಡುವವರು ಉಬ್ಬರ ಇಳಿತದ ವೇಳೆ ನೋಡಿಕೊಂಡು ಹೊರಡುತ್ತಾರೆ. ನೀರು ಏರಿದಾಗ ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳೆಲ್ಲ ಒಂದು ಕಡೆ ಸೇರುತ್ತವೆ. ನಮ್ಮಲ್ಲಿ ಆ ಕೆಲಸ ಮಾಡುವುದು ಮಳೆ ಮತ್ತು ತೂಬು. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ದೊಡ್ಡ ಕೆರೆಗಳು ಅಂಚಿನ ತನಕ ತುಂಬಿರುತ್ತವೆ, ಕೆಸರು ಕಾಣುವುದೇ ಇಲ್ಲ. ಕೆಸರಿಲ್ಲದ ಮೇಲೆ ಗೊರವಗಳು ಅಲ್ಲಿ ಏನು ಮಾಡಬೇಕು? ಅವು ಸಣ್ಣ ಕಟ್ಟೆಗಳಿಗೆ, ಮಂಡ್ಯ ಕಡೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೆಳಗಿನ ಗದ್ದೆ ಬಯಲಿಗೆ ಹೋಗುತ್ತವೆ. ಹೀಗಾಗಿ ಈ ಕಾಲದಲ್ಲಿ ನೋಡುವ ದೂರ ಎರಡು ತರಹ. ಗದ್ದೆ, ಕಟ್ಟೆಗಳಲ್ಲಿ 30ರಿಂದ 80 ಮೀಟರ್. ದೊಡ್ಡ ಕೆರೆಗಳಲ್ಲಿ ಬಾತುಗಳಿಗೆ 150ರಿಂದ 400 ಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಮೊದಲನೆಯದರಲ್ಲಿ ಈ ದುರ್ಬೀನು ಎತ್ತಿದ ಕೈ. ಎರಡನೆಯದರಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಮೊದಲೇ ತಿಳಿದಿರಬೇಕು.

ಮೊದಲನೆಯದಕ್ಕೆ ಒಂದು ಹತ್ತಿರದ ಉದಾಹರಣೆ. ಗದ್ದೆಯಂಚಿನಲ್ಲಿ ಮೂರು ಬಗೆಯ ಗೊರವಗಳು, ಅಂದರೆ ಸ್ಯಾಂಡ್‌ಪೈಪರ್‌ಗಳು, ಒಟ್ಟಿಗೆ ಸಿಗುತ್ತವೆ: ವುಡ್, ಗ್ರೀನ್, ಕಾಮನ್. ಆಗಸ್ಟ್‌ನಿಂದಲೇ ಬರತೊಡಗುವ ಇವು ಹೊಸಬರಿಗೆ ಒಂದೇ ಹಕ್ಕಿಯಂತೆ ಕಾಣುತ್ತವೆ. 50 ಮೀಟರ್ ದೂರದಲ್ಲಿ, ಬಿಸಿಲು ನಿಮ್ಮ ಬೆನ್ನಿಗಿದ್ದರೆ, ಈ ದುರ್ಬೀನಿನಲ್ಲಿ ಮೊದಲು ಹುಬ್ಬು ನೋಡಿ. ವುಡ್ ಸ್ಯಾಂಡ್‌ಪೈಪರ್‌ಗೆ ಬಿಳಿ ಹುಬ್ಬಿನ ಗೆರೆ ಕಣ್ಣು ದಾಟಿ ಹಿಂದಕ್ಕೆ ಉದ್ದವಾಗಿ ಹೋಗುತ್ತದೆ. ಗ್ರೀನ್‌ಗೆ ಅದು ಕೊಕ್ಕಿನಿಂದ ಕಣ್ಣಿನ ತನಕ ಮಾತ್ರ, ಕಣ್ಣಿನ ಸುತ್ತ ಬಿಳಿ ಉಂಗುರ ಬೇರೆ. ಆಮೇಲೆ ಬೆನ್ನು. ವುಡ್‌ನ ಬೆನ್ನಿನಲ್ಲಿ ರಾಗಿ ಚೆಲ್ಲಿದ ಹಾಗೆ ದಟ್ಟ ತಿಳಿ ಚುಕ್ಕೆ, ಗ್ರೀನ್‌ನ ಬೆನ್ನು ಗಾಢ ಕಂದು, ಚುಕ್ಕೆ ಸಣ್ಣವು. ಕಾಲು ಕೊನೆಗೆ ನೋಡಿ. ವುಡ್‌ನದು ಹಳದಿಯತ್ತ, ಗ್ರೀನ್‌ನದು ಕಪ್ಪುಮಿಶ್ರಿತ ಹಸಿರು. ಆದರೆ ಕೆಸರು ಮೆತ್ತಿಕೊಂಡ ಕಾಲಿನ ಬಣ್ಣ ನಂಬಿ ತೀರ್ಮಾನ ಮಾಡಬೇಡಿ, ತಪ್ಪುಗಳು ಹೆಚ್ಚಾಗಿ ಅಲ್ಲೇ ಆಗುವುದು. ಕಾಮನ್ ಸ್ಯಾಂಡ್‌ಪೈಪರ್ ಬಿಡದೆ ಹಿಂಭಾಗ ಕುಣಿಸುತ್ತಲೇ ಇರುತ್ತದೆ. ಎದೆಯ ಕಂದು ಬಣ್ಣಕ್ಕೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಬೆಣೆಯಂತೆ ಭುಜದತ್ತ ಏರಿರುತ್ತದೆ. ಹಾರಿದಾಗ ನೋಟ ಬಿಡಬೇಡಿ. ಗ್ರೀನ್‌ನ ರೆಕ್ಕೆಯ ಕೆಳಭಾಗ ಕಪ್ಪು, ಸೊಂಟ ಬೆಳ್ಳಗೆ ಹೊಳೆಯುತ್ತದೆ. ವುಡ್‌ನ ರೆಕ್ಕೆಯ ಕೆಳಭಾಗ ಮಾಸಲು ಬಿಳಿ. ಕಾಮನ್ ನೀರಿಗೆ ಅಂಟಿಕೊಂಡಂತೆ ಕೆಳಗೆ, ರೆಕ್ಕೆ ಗಡುಸಾಗಿ ಅದುರಿಸುತ್ತ ಹಾರುತ್ತದೆ. ಅಗಲ ನೋಟದ ಎಂಟು ಪಟ್ಟು ಇಲ್ಲಿ ಸಾಕು ಎನ್ನುವುದಕ್ಕಿಂತ ಇದೇ ಬೇಕು, ಏಕೆಂದರೆ ಹಾರಿದ ಹಕ್ಕಿಯ ಬೆನ್ನು ಕಾಣುವುದು ಮೂರು ನಾಲ್ಕು ಸೆಕೆಂಡು ಮಾತ್ರ.

80 ಮೀಟರ್ ದಾಟಿದ ಮೇಲೆ ಹುಬ್ಬಿನ ಗೆರೆ ಕಾಣುವುದು ಕಷ್ಟವಾಗುತ್ತದೆ. ಆಗ ಹಕ್ಕಿಯ ನಡೆ, ಕೂಗು, ಹಾರಾಟದ ಮೇಲೆ ಹೋಗಬೇಕು. ಗದ್ದೆ ಬದುವಿನ ಮೇಲೆ ನಿಲ್ಲುವ ಮುನ್ನ "ಅಣ್ಣಾ, ಬದು ಮೇಲೆ ನಿಂತ್ಕೊಂಡು ಹಕ್ಕಿ ನೋಡ್ಬೋದಾ?" ಎಂದು ಒಂದು ಮಾತು ಕೇಳಿ. ಯಾರೂ ಬೇಡ ಅನ್ನುವುದಿಲ್ಲ, ಹಕ್ಕಿ ಎಲ್ಲಿ ಕೂತಿದೆ ಎಂದು ಅವರೇ ತೋರಿಸುವುದೂ ಉಂಟು. ಕೆರೆಯಲ್ಲಿ ಬಟ್ಟೆ ಒಗೆಯುವ, ಸ್ನಾನ ಮಾಡುವ ಮೆಟ್ಟಿಲುಗಳ ಕಡೆಗೆ ದುರ್ಬೀನು ತಿರುಗಿಸಲೇಬಾರದು. ಹಕ್ಕಿ ಅಲ್ಲೇ ಇದ್ದರೂ ಸರಿ, ಬಿಟ್ಟುಬಿಡಿ.

ಎರಡನೆಯದು ಬಾತುಗಳು. ಬಿಳಿಹುಬ್ಬಿನ ಬಾತು ಇತರ ವಲಸೆ ಬಾತುಗಳಿಗಿಂತ ಮೊದಲು, ಸೆಪ್ಟೆಂಬರ್ ಹೊತ್ತಿಗೇ ಬರತೊಡಗುತ್ತದೆ. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಶವೆಲರ್ ಅಕ್ಟೋಬರ್, ನವೆಂಬರ್‌ನಲ್ಲಿ ಸೇರಿಕೊಳ್ಳುತ್ತವೆ. ಪುಸ್ತಕದಲ್ಲಿ ಕಾಣುವ ಬಣ್ಣದ ಗಂಡುಗಳನ್ನು ಈ ತಿಂಗಳುಗಳಲ್ಲಿ ನಿರೀಕ್ಷಿಸಬೇಡಿ. ಗಂಡು ಬಾತುಗಳು ಆಗ ಹೆಣ್ಣಿನಂತೆಯೇ ಕಂದು ಬಟ್ಟೆಯಲ್ಲಿರುತ್ತವೆ. ಬಿಳಿಹುಬ್ಬಿನ ಬಾತಿನ ಗಂಡಿಗಂತೂ ಹೆಸರಿಗೆ ಕಾರಣವಾದ ಆ ಹುಬ್ಬು ಚಳಿಗಾಲದ ನಡುವಿನವರೆಗೂ ಸರಿಯಾಗಿ ಬಂದಿರುವುದಿಲ್ಲ. ಹಾಗಾಗಿ 250 ಮೀಟರ್ ದೂರದಲ್ಲಿ ತೇಲುವ ಕಂದು ಬಾತುಗಳನ್ನು ಎಂಟು ಪಟ್ಟಿನಲ್ಲಿ ಗುರುತಿಸಲು ಬಣ್ಣ ಬಿಡಿ, ಆಕಾರ ಹಿಡಿಯಿರಿ. ಶವೆಲರ್‌ನ ಕೊಕ್ಕು ತಲೆಗಿಂತ ಉದ್ದ, ಮುಂಭಾಗ ಭಾರವಾಗಿ ಬಾಗಿದ ಹಾಗೆ ಕಾಣುತ್ತದೆ, ಕೊಕ್ಕು ನೀರಿಗೆ ಒತ್ತಿಕೊಂಡೇ ತಿರುಗುತ್ತಿರುತ್ತದೆ. ಸೂಜಿಬಾಲದ ಬಾತಿನ ಕತ್ತು ತೆಳು, ಉದ್ದ. ಬಿಳಿಹುಬ್ಬಿನ ಬಾತು ಚಿಕ್ಕದು, ಮುಖದ ಮೇಲೆ ಪಟ್ಟೆಪಟ್ಟೆ ಗೆರೆ. ಗುಂಪು ಎದ್ದು ಹಾರಿದರೆ ದುರ್ಬೀನು ಗುಂಪಿನ ಜೊತೆಗೇ ಸಾಗಿಸಿ. ಗಂಡಿನ ರೆಕ್ಕೆಯ ಮುಂಭಾಗ ತಿಳಿ ಬೂದಿಯಾಗಿ ಮಿನುಗಿದರೆ ಬಿಳಿಹುಬ್ಬು, ತಿಳಿ ನೀಲಿಯ ಜೊತೆ ದೊಡ್ಡ ಕೊಕ್ಕು ಕಂಡರೆ ಶವೆಲರ್. 8.2 ಡಿಗ್ರಿಯ ಅಗಲ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ, ಗುಂಪು ಪೂರ್ತಿ ನೋಟದೊಳಗೆ ಉಳಿಯುತ್ತದೆ.

ಆದರೆ ಇಲ್ಲಿ ಒಂದು ಮಿತಿ ಉಂಟು. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಯಂಥ ವಿಶಾಲ ನೀರಿನಲ್ಲಿ ಬಾತಿನ ಗುಂಪು ಆಚೆ ದಡಕ್ಕೆ ಹೋಗಿ ಕೂತರೆ ಎಂಟು ಪಟ್ಟು ಸಾಲದು. ಪಟ್ಟೆತಲೆ ಹೆಬ್ಬಾತು ಎಂದು ಗುರುತಿಸಬಹುದು, ಎಣಿಸಲೂಬಹುದು. ಅಷ್ಟೇ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂಥ ಪಟ್ಟಿಯ ಮೇಲಿನ ಅಕ್ಷರ ಓದಬೇಕೆಂದರೆ ಟ್ರೈಪಾಡ್ ಮೇಲೆ ಕೂರಿಸಿದ 20–60 ಪಟ್ಟಿನ, 80 ಮಿಲಿಮೀಟರ್ ಗಾಜಿನ ಸ್ಪಾಟಿಂಗ್ ಸ್ಕೋಪ್ ಬೇಕು. ಹೆಬ್ಬಾತು ಬರುವುದು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಅಂದರೆ ವಲಸೆಯ ಮೊದಲ ಮೂರು ತಿಂಗಳು ಸ್ಕೋಪ್ ಇಲ್ಲದೆ ಕಳೆಯಬಹುದು. ಕೊಳ್ಳುವುದಿದ್ದರೂ ದುರ್ಬೀನಿನ ನಂತರವೇ ಕೊಳ್ಳಿ. ಸ್ಕೋಪ್ ಮೊದಲು ಕೊಂಡವರು ಮರದ ಮೇಲಿನ ಹಕ್ಕಿ ನೋಡಲಾಗದೆ ಒದ್ದಾಡುತ್ತಾರೆ. ಮತ್ತೊಂದು ವಿಷಯ: ಬೆಳಿಗ್ಗೆ ಒಂಬತ್ತೂವರೆ, ಹತ್ತು ದಾಟಿದ ಮೇಲೆ ಬಿಸಿಲಿಗೆ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ. ಆಗ ಎಷ್ಟು ದುಬಾರಿ ಗಾಜಿದ್ದರೂ ದೂರದ ಹಕ್ಕಿ ಕುದಿಯುವ ನೀರಿನಲ್ಲಿ ಕಂಡ ಹಾಗೆ ಕದಲುತ್ತದೆ. ದುರ್ಬೀನು ಕೆಟ್ಟಿದೆ ಎಂದುಕೊಳ್ಳಬೇಡಿ. ದೂರದ ಹಕ್ಕಿಗಳನ್ನು ಮೊದಲು ಮುಗಿಸಿ, ಬಿಸಿಲೇರಿದ ಮೇಲೆ ಮರದ ಕಡೆ ತಿರುಗಿ.

ಬೆಳಕು ಎದುರಿಗಿದ್ದಾಗ ಈ ದುರ್ಬೀನು ಸೋಲುತ್ತದೆ. ಇದರ ಗಾಜಿನ ಲೇಪನ ಸಾಧಾರಣ ದರ್ಜೆಯದು. ಸೂರ್ಯ ಮುಂದಿದ್ದು ನೀರು ಹೊಳೆಯುವಾಗ ಚಿತ್ರದ ಮೇಲೆ ಹಾಲಿನ ಪೊರೆ ಬಂದಂತಾಗಿ ಬಣ್ಣ ಸಾಯುತ್ತದೆ. ಇದಕ್ಕೆ ಪರಿಹಾರ ನಿಲ್ಲುವ ಜಾಗದಲ್ಲಿದೆ. ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಅದರ ತಿರುಗುಮುರುಗು. ಲಿಂಗಾಂಬುಧಿ, ಕುಕ್ಕರಹಳ್ಳಿ ಎರಡರಲ್ಲೂ ಸುತ್ತ ನಡೆಯುವ ದಾರಿ ಇರುವುದರಿಂದ ಇದು ಸುಲಭ. ಕಾರಂಜಿ ಕೆರೆಗೆ ಹೋಗುವವರು ಮಂಗಳವಾರ ರಜೆ ಎಂಬುದು ನೆನಪಿಟ್ಟುಕೊಳ್ಳಿ. ತೊಣ್ಣೂರು ಕೆರೆ ಸುಂದರ, ಆದರೆ ನೀರು ಆಳ. ಕೆಸರಿನಲ್ಲಿ ಮೇಯುವ ಹಕ್ಕಿಗಳಿಗಾಗಿ ಅಲ್ಲಿಗೆ ಹೋಗುವುದು ವ್ಯರ್ಥ. ಚಿತ್ರದ ಅಂಚು ಮಸುಕಾಗುವುದು ಇದರ ಇನ್ನೊಂದು ಕೊರತೆ. ನೋಟದ ನಡುಭಾಗ ಚೊಕ್ಕ, ಸುತ್ತಲಿನ ಅಂಚಿನತ್ತ ಹೋದಂತೆ ಮೃದು. ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಕಡು ಹಿನ್ನೆಲೆಯಲ್ಲಿ ನಿಂತರೆ ಅಂಚಿಗೆ ತೆಳುವಾದ ನೇರಳೆ ಗೆರೆ ಕಾಣಬಹುದು. ಹಕ್ಕಿಯನ್ನು ನಡುವಿಗೆ ತಂದು ನೋಡುವ ಅಭ್ಯಾಸವಾದರೆ ಇವೆರಡೂ ದೊಡ್ಡ ತೊಂದರೆಯಲ್ಲ.

4 ಮೀಟರ್‌ನ ಫೋಕಸ್ ಮಿತಿ ಎಲ್ಲಿ ಕಾಡುತ್ತದೆ ಎಂದರೆ ಪೊದೆಗಳಲ್ಲಿ. ಕೆರೆ ಸುತ್ತಲಿನ ಲಂಟಾನ ಪೊದೆಯಲ್ಲಿ ಬ್ಲೈತ್ಸ್ ರೀಡ್ ವಾರ್ಬ್ಲರ್ "ಚಕ್, ಚಕ್" ಎನ್ನುತ್ತ ಕಣ್ಣೆದುರಿಗೇ ಬರುತ್ತದೆ. ಮೂರು ಮೀಟರ್‌ನಲ್ಲಿದ್ದರೆ ದುರ್ಬೀನಿಗೆ ಮಸುಕು. ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಗ್ರೀನಿಶ್ ವಾರ್ಬ್ಲರ್‌ನದು ಬೇರೆ ಕಥೆ, ಅದು ಮಳೆಮರ, ಮಾವಿನ ಮರದ ಮೇಲುಭಾಗದಲ್ಲೇ ಓಡಾಡುವುದು. ಅಲ್ಲಿ ನಿಮಗೆ ಬೇಕಾದದ್ದು ಕತ್ತಿಗೆ ವಿರಾಮ. ಅಕ್ಟೋಬರ್‌ನಲ್ಲಿ ನವರಂಗ ಹಕ್ಕಿ ಉತ್ತರದಿಂದ ಇಳಿದು ಬರುವಾಗ ಊರೊಳಗಿನ ಮನೆಯಂಗಳಗಳಲ್ಲೂ ಬಳಲಿ ಇಳಿಯುವುದುಂಟು. ಅಂಥ ಹಕ್ಕಿಗೆ ದುರ್ಬೀನೇ ಬೇಕಿಲ್ಲ, ಬೇಕಿರುವುದು ನಾಯಿ ಬೆಕ್ಕಿನಿಂದ ರಕ್ಷಣೆ ಮತ್ತು ಏಕಾಂತ.

ಈಗ ಕನ್ನಡಕದ ವಿಷಯ, ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ. 12 ಮಿಲಿಮೀಟರ್ ಅಂತರ ಎಂದರೆ ನಿಮ್ಮ ಕಣ್ಣು ಗಾಜಿನಿಂದ ಅಷ್ಟೇ ದೂರದಲ್ಲಿದ್ದರೆ ಮಾತ್ರ ಪೂರ್ತಿ ವೃತ್ತ ಕಾಣುತ್ತದೆ. ಕನ್ನಡಕ ನಡುವೆ ಬಂದರೆ ಕಣ್ಣು ಅದಕ್ಕಿಂತ ಹಿಂದೆ ಉಳಿಯುತ್ತದೆ. ರಬ್ಬರ್ ಬಟ್ಟಲು ಮಡಚಿ ಒತ್ತಿಕೊಂಡರೂ ಸುತ್ತ ಕಪ್ಪು ಆವರಿಸಿ ನೋಟ ಕಿರಿದಾಗುತ್ತದೆ. ಅಗಲ ನೋಟಕ್ಕೆಂದೇ ಹಣ ಕೊಟ್ಟು ಅದನ್ನೇ ಕಳೆದುಕೊಂಡ ಹಾಗಾಯಿತು. ಕನ್ನಡಕದವರು 16 ಮಿಲಿಮೀಟರ್ ಅಥವಾ ಹೆಚ್ಚಿನ ಅಂತರವಿರುವ ದುರ್ಬೀನೇ ನೋಡಬೇಕು. ದೂರದ್ದು ಕಾಣಲೆಂದು ಹಾಕುವ ಬರೀ ಮೈನಸ್ ನಂಬರ್ ಇರುವವರು ಕನ್ನಡಕ ತೆಗೆದು ಫೋಕಸ್ ಚಕ್ರ ತಿರುಗಿಸಿಯೇ ಹೊಂದಿಸಿಕೊಳ್ಳಬಹುದು. ಸಿಲಿಂಡರ್ ನಂಬರ್ ಹೆಚ್ಚಿದ್ದರೆ ಆ ಉಪಾಯ ನಡೆಯುವುದಿಲ್ಲ, ಏಕೆಂದರೆ ಫೋಕಸ್ ಚಕ್ರ ಅದನ್ನು ಸರಿಪಡಿಸಲಾರದು. ಹಕ್ಕಿ ಕಂಡಾಗಲೆಲ್ಲ ಕನ್ನಡಕ ಹಣೆಗೇರಿಸುವುದೂ ಒಂದು ಕೆಲಸ, ಆ ಹೊತ್ತಿಗೆ ಹಕ್ಕಿ ಹಾರಿರುತ್ತದೆ.

ಕೊಂಡ ದಿನವೇ ಮಾಡಬೇಕಾದ ಹೊಂದಾಣಿಕೆ ಬಹಳ ಜನ ಮಾಡುವುದೇ ಇಲ್ಲ, ಆಮೇಲೆ ತಲೆನೋವು ಎಂದು ದುರ್ಬೀನನ್ನು ಬೀರುವಿನಲ್ಲಿಡುತ್ತಾರೆ. ಮೊದಲು ಎರಡು ಕೊಳವೆಗಳನ್ನು ಹಿಡಿದು ಮಡಚುತ್ತ ಬಿಚ್ಚುತ್ತ ಎರಡು ವೃತ್ತ ಒಂದಾಗುವಂತೆ ಮಾಡಿ. ಆಮೇಲೆ 30–40 ಮೀಟರ್ ದೂರದ ಬಸ್ ನಿಲ್ದಾಣದ ಫಲಕವನ್ನೋ, ಅಂಗಡಿ ಬೋರ್ಡಿನ ಅಕ್ಷರವನ್ನೋ ಆರಿಸಿಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎರಡು ಕಣ್ಣೂ ತೆರೆದುಕೊಂಡೇ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೊಕ್ಕವಾಗಿಸಿ. ಆಮೇಲೆ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ಕಣ್ಣಿನ ಗಾಜಿನ ಉಂಗುರ ತಿರುಗಿಸಿ ಅದೇ ಅಕ್ಷರ ಚೊಕ್ಕವಾಗಿಸಿ. ಉಂಗುರ ಎಲ್ಲಿ ನಿಂತಿತೋ ಅಲ್ಲಿಗೆ ಉಗುರು ಬಣ್ಣದ ಒಂದು ಸಣ್ಣ ಬೊಟ್ಟು ಇಡಿ. ಚೀಲದಲ್ಲಿ ಉಜ್ಜಿ ಉಂಗುರ ಸರಿಯುತ್ತಿರುತ್ತದೆ, ಬೊಟ್ಟಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ. ಕಣ್ಣು ಒಂದನ್ನು ಮುಚ್ಚಿ ಹೊಂದಿಸುವವರು ಆ ಕಣ್ಣು ಕಿವುಚಿಕೊಳ್ಳುವಾಗ ತೆರೆದ ಕಣ್ಣನ್ನೂ ಬಿಗಿಹಿಡಿದು ತಪ್ಪು ಜಾಗದಲ್ಲಿ ನಿಲ್ಲಿಸುತ್ತಾರೆ. ಅದಕ್ಕೇ ಅಂಗೈ.

ಅಂಗಡಿಯಲ್ಲೇ, ಅಥವಾ ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಗಡುವಿನೊಳಗೆ, ಎರಡು ಪರೀಕ್ಷೆ ಮಾಡಿ. ಮೊದಲನೆಯದು ಎರಡು ಕೊಳವೆ ಒಂದೇ ಕಡೆ ನೋಡುತ್ತಿವೆಯೇ ಎಂಬುದು. ದೂರದ ಕರೆಂಟ್ ತಂತಿಯನ್ನೋ ಮನೆ ಮಾಳಿಗೆಯ ಅಡ್ಡ ಅಂಚನ್ನೋ ನೋಡುತ್ತ, ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಗೇಣುದೂರ ಹಿಂದಕ್ಕೆ ತನ್ನಿ. ಎರಡು ಪುಟ್ಟ ವೃತ್ತಗಳಲ್ಲಿ ಆ ಗೆರೆ ಒಂದೇ ಎತ್ತರದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಆ ಪೆಟ್ಟಿಗೆ ಬೇಡ. ಹತ್ತು ನಿಮಿಷ ನೋಡಿದರೆ ಕಣ್ಣು ಎಳೆದಂತಾಗಿ ತಲೆ ಹಿಡಿದುಕೊಳ್ಳುವುದು ಈ ದೋಷದಿಂದ. ಎರಡನೆಯದು, ಮುಂದಿನ ಗಾಜಿನ ಕಡೆಯಿಂದ ಮೊಬೈಲ್ ಟಾರ್ಚ್ ಹಾಯಿಸಿ ಹಿಂದಿನಿಂದ ಓರೆಯಾಗಿ ನೋಡುವುದು. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು, ಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಈ ಎರಡು ಪರೀಕ್ಷೆ ಮಾಡದೆ ಹಣ ಕೊಡಲೇಬೇಡಿ. ಪೊರೊ ದುರ್ಬೀನು ಮೊಣಕಾಲೆತ್ತರದಿಂದ ಬಿದ್ದರೂ ಒಳಗಿನ ಪ್ರಿಸಂ ತನ್ನ ಕೂರುವ ಜಾಗದಿಂದ ಕೂದಲೆಳೆಯಷ್ಟು ಸರಿದು ಗೆರೆ ತಪ್ಪಬಹುದು. ಹೊರಗೆ ಒಂದು ಗೀರೂ ಇರುವುದಿಲ್ಲ. ಹಾಗಾದರೆ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬೇಡಿ, ದುರ್ಬೀನು ರಿಪೇರಿ ಬಲ್ಲವರ ಕೈಗೆ ಕೊಡಿ.

ಮಳೆಗೆ ಬರೋಣ. ಮೈಸೂರಿನಲ್ಲಿ ವರ್ಷದ ಜೋರು ಮಳೆಯ ತಿಂಗಳುಗಳಲ್ಲಿ ಅಕ್ಟೋಬರ್ ಒಂದು, ಅದೇ ತಿಂಗಳು ವಲಸೆ ಹಕ್ಕಿ ಇಳಿಯುವ ಕಾಲವೂ ಹೌದು. ನೀರು ತಡೆಯದ ದುರ್ಬೀನಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಹನಿ ಬಿದ್ದ ಕೂಡಲೇ ಒಳಗೆ ನೀರು ಸುರಿಯುವುದಿಲ್ಲ. ಆದರೆ ಫೋಕಸ್ ಚಕ್ರ ತಿರುಗಿಸಿದಾಗ ಕಣ್ಣಿನ ಕಡೆಯ ಗಾಜು ಮುಂದೆ ಹಿಂದೆ ಸರಿದು ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತದೆ, ಜೊತೆಗೆ ತೇವವನ್ನೂ. ಮನೆಗೆ ತಂದು ಮುಚ್ಚಿದ ಚರ್ಮದ ಚೀಲದಲ್ಲಿ ಹಾಗೇ ಇಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಅದು ಗಾಜಿನ ಲೇಪನವನ್ನೇ ತಿನ್ನುವುದರಿಂದ ತೊಳೆದರೂ ಕಲೆ ಉಳಿಯಬಹುದು. ಮಾಡಬೇಕಾದದ್ದು ಇಷ್ಟು. ಹೊರಗೆ ಹೋಗುವಾಗ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಜೊತೆಗಿರಲಿ, ಹನಿ ಶುರುವಾದರೆ ದುರ್ಬೀನು ಅದರೊಳಗೆ. ಮನೆಗೆ ಬಂದ ಮೇಲೆ ಹೊರಮೈ ಒರೆಸಿ, ಫ್ಯಾನ್ ಕೆಳಗೆ ಮುಚ್ಚಳ ತೆಗೆದು ಒಂದೆರಡು ಗಂಟೆ ಬಿಡಿ. ನೇರ ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುಮಾರು 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳು ತೇವ ಹೀರಿ ಹಸಿರಾದಾಗ, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 110 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಹರಳು ತೆಗೆದುಕೊಳ್ಳಬೇಡಿ, ಅದರ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಕ್ಲೋರೈಡ್ ಒಳ್ಳೆಯದಲ್ಲ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವ ಪದ್ಧತಿ ಬಿಡಿ. ಅಕ್ಕಿ ಅಷ್ಟು ತೇವ ಎಳೆಯುವುದಿಲ್ಲ, ಅದರ ಹಿಟ್ಟು ಗಾಜಿಗೆ ಮೆತ್ತುತ್ತದೆ. ನಿಲ್ಲಿಸಿದ ಕಾರಿನೊಳಗೆ, ಸ್ಕೂಟರ್ ಡಿಕ್ಕಿಯೊಳಗೆ ಮಧ್ಯಾಹ್ನ ಪೂರ್ತಿ ಬಿಟ್ಟರೆ ಒಳಗಿನ ಗ್ರೀಸ್ ಕರಗಿ ಗಾಜಿನತ್ತ ಹರಡುತ್ತದೆ.

ಗಾಜು ಒರೆಸುವುದಕ್ಕೆ ಸೆರಗು, ಪಂಚೆ, ಟಿಶ್ಯೂ ಯಾವುದೂ ಬೇಡ. ಏರಿಯ ಮೇಲಿನ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಒಣಗಿದ ಗಾಜಿನ ಮೇಲೆ ಒತ್ತಿ ಉಜ್ಜಿದರೆ ಗೀರು ಖಂಡಿತ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆ ಕುಂಚದಿಂದ ತಟ್ಟಿ, ಕೊನೆಗೆ ಲೆನ್ಸ್ ದ್ರವ ಹಾಕಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ.

ಪೆಟ್ಟಿಗೆಯೊಂದಿಗೆ ಬರುವ ಪಟ್ಟಿ ತೆಳು. 710 ಗ್ರಾಂ ತೂಕ ಮೊದಲ ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ, ಕುಕ್ಕರಹಳ್ಳಿಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಕತ್ತು ಕೊಯ್ಯುತ್ತದೆ. ಎರಡು ಭುಜಕ್ಕೆ ತೂಕ ಹಂಚುವ ಹಾರ್ನೆಸ್ ಪಟ್ಟಿ ಹಾಕಿಸಿ. ಅದಕ್ಕೆ ಹೆಚ್ಚು ಖರ್ಚಿಲ್ಲ, ಈ ದುರ್ಬೀನಿನ ಸುಖ ಅರ್ಧ ಅದರಲ್ಲೇ ಇದೆ. ನೋಡುವಾಗ ಮೊಣಕೈ ಪಕ್ಕೆಗೆ ಒತ್ತಿ, ಸಾಧ್ಯವಾದರೆ ಏರಿಯ ಕಲ್ಲಿಗೋ ಮರದ ಕಾಂಡಕ್ಕೋ ಒರಗಿ. ಒರಗಿ ನಿಂತು ನೋಡಿದ ಎಂಟು ಪಟ್ಟು, ನಿಂತಲ್ಲೇ ತೂಗಾಡುತ್ತ ನೋಡಿದ ಹತ್ತು ಪಟ್ಟಿಗಿಂತ ಹೆಚ್ಚು ವಿವರ ಕೊಡುತ್ತದೆ.

ಕ್ಯಾಮೆರಾ ಇದ್ದರೆ ದುರ್ಬೀನು ಬೇಕೇ ಎನ್ನುವವರೂ ಇದ್ದಾರೆ. ಉದ್ದ ಜೂಮಿನ ಕ್ಯಾಮೆರಾ ಅಪರೂಪದ ಹಕ್ಕಿಗೆ ಸಾಕ್ಷಿ ಇಡಲು ಒಳ್ಳೆಯದು, ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದಲ್ಲಿ ಪಟ್ಟಿ ಹಾಕುವವರಿಗೆ ಫೋಟೊ ಇದ್ದರೆ ಪರಿಶೀಲಕರ ಪ್ರಶ್ನೆಗೆ ಉತ್ತರ ಸುಲಭ. ಆದರೆ ಪರದೆಯಲ್ಲಿ ಹಕ್ಕಿ ಹುಡುಕುವುದು ಕೊಳವೆಯಲ್ಲಿ ಇಣುಕಿದ ಹಾಗೆ. ಕೆರೆ ಪೂರ್ತಿ ಒಮ್ಮೆ ಎಡದಿಂದ ಬಲಕ್ಕೆ ಸವರಿ, ಎಲ್ಲಿ ಯಾವ ಹಕ್ಕಿ ಇದೆ ಎಂದು ಲೆಕ್ಕ ಹಾಕುವ ಕೆಲಸಕ್ಕೆ ದುರ್ಬೀನೇ ಬೇಕು. ಸವರುವಾಗ ಬೇಗ ಬೇಗ ತಿರುಗಿಸಬೇಡಿ. ಒಂದು ನೋಟದ ಅಗಲ ಮುಗಿದ ಮೇಲೆ, ಅರ್ಧದಷ್ಟು ಮಾತ್ರ ಮುಂದಕ್ಕೆ ಸರಿಸಿ ನಿಲ್ಲಿಸಿ. ನಾಮದ ಕೋಳಿ ಎಂಬ ಕಪ್ಪು ನೀರಹಕ್ಕಿಗಳ ನಡುವೆ ತಲೆ ನೀರೊಳಗಿಟ್ಟ ಬಾತು ಆ ನಿಲುಗಡೆಯಲ್ಲಿ ಮಾತ್ರ ಸಿಗುತ್ತದೆ. ಹಾಗೆಯೇ ನಾಮದ ಕೋಳಿಗಳೆಲ್ಲ ಇದ್ದಕ್ಕಿದ್ದಂತೆ ಒತ್ತಾಗಿ ಸೇರಿದರೆ ದುರ್ಬೀನು ನೀರಿನಿಂದ ಮೇಲೆತ್ತಿ, ಆಪಿನ ಮೇಲೆ ರೆಕ್ಕೆಯನ್ನು ವಿ ಆಕಾರದಲ್ಲಿ ಎತ್ತಿ ತೇಲುತ್ತಿರುವ ಜವುಗು ಸೆಳೆವ ಎಂಬ ಬೇಟೆ ಹಕ್ಕಿ ಬಂದಿದೆಯೇ ನೋಡಿ.

ಕನ್ನಡಕ ಹಾಕುವವರು, ಮಳೆಯಲ್ಲೂ ನಿಲ್ಲದೆ ನೋಡುವವರು, ಚಿಟ್ಟೆ ಏರೋಪ್ಲೇನ್ ಹುಳುಗಳನ್ನೂ ಹತ್ತಿರದಿಂದ ನೋಡಬೇಕೆನ್ನುವವರು ಇನ್ನಷ್ಟು ಹಣ ಕೂಡಿಸಿ, ನೈಟ್ರೋಜನ್ ತುಂಬಿದ, 16 ಮಿಲಿಮೀಟರ್‌ಗಿಂತ ಹೆಚ್ಚಿನ ಕಣ್ಣಂತರದ, 2–3 ಮೀಟರ್ ಫೋಕಸ್‌ನ 8×42 ತೆಗೆದುಕೊಳ್ಳಲಿ. ಅಂಥದ್ದನ್ನು ಆರಿಸುವಾಗಲೂ ನೋಟದ ಕೋನ 7.5 ಡಿಗ್ರಿಗಿಂತ ಕೆಳಗಿದ್ದರೆ ಎರಡು ಸಲ ಯೋಚಿಸಿ. ಮಿಕ್ಕವರು ಈ ಒಲಿಂಪಸ್ ತೆಗೆದುಕೊಂಡು, ಉಳಿದ ಹಣದಲ್ಲಿ ಹಾರ್ನೆಸ್, ಬ್ಲೋವರ್, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇಷ್ಟನ್ನೂ ಅದೇ ದಿನ ತಂದುಬಿಡಲಿ. ಡಬ್ಬಿ ನಾಳೆ ತಂದರಾಯಿತು ಎಂದು ಬಿಟ್ಟರೆ ಅಕ್ಟೋಬರ್ ಮಳೆ ಅಷ್ಟು ದಿನ ಕಾಯುವುದಿಲ್ಲ.